ಕುಸುಬಿ ಎಣ್ಣೆ ಕುಡಿದ ಮೋಟಾರು

ಎರಡನೆಯ ಮಹಾ ಲಡಾಯಿ ಮುಗಿದ ಮರುವರ್ಷ ಮುಂಗಾರು ಜೋರಾಗಿಯೇ ಬಂತು. ಭೂತನಾಳದ ಕೆರೆ ತುಂಬಿ ಒಡ್ಡಿನ ಮೇಲಿನ ಕಲ್ಲು ಮುಟ್ಟಿತು. ಆದರೆ ಆ ಕೆರೆಯ ನೀರನ್ನೇ ನಂಬಿದ್ದ ವಿಜಾಪುರದ ನಳಗಳಲ್ಲಿ ಒಂದು ಹನಿಯೂ ಬರುತ್ತಿರಲಿಲ್ಲ. ಮೊದಲ ಮಳೆಗೆ ಸುತ್ತಲಿನ ಹೊಲಗಳಿಂದ ಕೊಚ್ಚಿ ಬಂದ ಜಾಲಿಮುಳ್ಳು, ಜೋಳದ ಕೂಳೆ, ಕೆರೆಯದೇ ಜೊಂಡು ಎಲ್ಲ ಹೆಣೆದುಕೊಂಡು ದೊಡ್ಡ ಚಾಪೆಯಾಗಿ ಕೆರೆಯ ನಡುವಿನ ಕಲ್ಲಿನ ಗೋಪುರಕ್ಕೆ ಹೋಗಿ ಅಂಟಿಕೊಂಡಿತ್ತು. ಊರಿನ ಕೊಳವೆಗೆ ನೀರು ಹೋಗುವುದು ಆ ಗೋಪುರದ ಕಬ್ಬಿಣದ ಜಾಲರಿಯ ಮೂಲಕ. ಜಾಲರಿಯ ಬಾಯಿ ಪೂರಾ ಮುಚ್ಚಿಹೋಗಿತ್ತು.

ದೋಣಿಯಲ್ಲಿ ಹೋಗಿ ಅದನ್ನು ಕೀಳಬೇಕು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಪಡುವಣ ಗಾಳಿ ಮಾತ್ರ ಬಿಡುತ್ತಿರಲಿಲ್ಲ. ಕೆರೆಯ ದೋಣಿ ನಡೆಸುವ ಪೀರಸಾಬ ಗಟ್ಟಿ ಆಳು. ಅವನು ಹುಟ್ಟು ಹಾಕುತ್ತ ಹೊರಟಾಗಲೆಲ್ಲ ಗಾಳಿ ದೋಣಿಯನ್ನು ತಿರುಗಿಸಿ ಒಡ್ಡಿಗೇ ತಂದು ಬಡಿಯುತ್ತಿತ್ತು. ಒಂದು ಹುಟ್ಟು ಮುರಿದೂ ಹೋಯಿತು. ಈಜಿಕೊಂಡು ಹೋದ ಇಬ್ಬರ ಕಾಲಿಗೆ ಜೊಂಡು ಸುತ್ತಿ, ಅವರನ್ನು ಹಗ್ಗ ಹಾಕಿ ಎಳೆದು ತರಬೇಕಾಯಿತು. ಊರಲ್ಲಿ ಹೆಂಗಸರು ಬಾದಶಾಹಿ ಕಾಲದ ಹಾಳು ಬಾವಿಗಳಿಗೆ ಹಗ್ಗ ಇಳಿಬಿಡುತ್ತಿದ್ದರು. ನೀರು ಸರಬರಾಜಿನ ಓವರ್ಸಿಯರ್ ಹಣಮಂತರಾಯರು ಒಡ್ಡಿನ ಮೇಲೆ ನಿಂತು ಗಾಳಿ ಇಳಿಯುವುದನ್ನು ಕಾಯುತ್ತಿದ್ದರು.

ಕಾಯುವಾಗ ಸುಮ್ಮನಿರಬಾರದೆಂದು ಅವರು ದಂಡೆಯ ಜೊಂಡು ಕೀಳಲು ಕೂಲಿಯವರನ್ನು ಕರೆಸಿದರು. ಆ ಗುಂಪಿನಲ್ಲಿ ಘೋಣಸಗಿಯಿಂದ ಬಂದ ಪರಸಪ್ಪ ಮತ್ತು ಅವನ ಹೆಂಡತಿ ರುಕ್ಮವ್ವ ಇದ್ದರು. ಊರ ಹೊರಗಿನ ಕೇರಿಯವರು. ಪರಸಪ್ಪ ಲಡಾಯಿಗೆ ಹೋಗಿ ಬರ್ಮಾದ ನದಿಗಳಲ್ಲಿ ಪಲ್ಟನ್ನನ್ನು ದಾಟಿಸುವ ದೋಣಿಗಳಲ್ಲಿ ದುಡಿದು ಬಂದಿದ್ದ. ಇನ್ನೂ ಖಾಕಿ ಚಡ್ಡಿಯನ್ನೇ ಹಾಕುತ್ತಿದ್ದ, ಮೀಸೆ ತಿದ್ದುತ್ತಿದ್ದ, ಯಾರಾದರೂ ‘ಲೇ’ ಎಂದರೆ ಮೊದಲು ಅವರ ಮುಖ ನೋಡಿ ಆಮೇಲೆ ಉತ್ತರ ಕೊಡುತ್ತಿದ್ದ. ಅವರ ಊರಲ್ಲಿ ಇದು ಕೆಲವರಿಗೆ ಸೇರುತ್ತಿರಲಿಲ್ಲ. ರುಕ್ಮವ್ವನಿಗೆ ಸೇರುತ್ತಿತ್ತು.

ಮಧ್ಯಾಹ್ನ ರೊಟ್ಟಿ ತಿನ್ನಲು ಕಾವಲು ಮನೆಯ ನೆರಳಿಗೆ ಬಂದಾಗ ಅಲ್ಲಿನ ಮೂಲೆಯಲ್ಲಿ ಗೋಣಿಚೀಲ ಹೊದ್ದ ಏನೋ ಒಂದು ಪರಸಪ್ಪನ ಕಣ್ಣಿಗೆ ಬಿತ್ತು. ಚೀಲ ಎತ್ತಿದ. ಮೇಲೊಂದು ದುಂಡನೆಯ ಚಕ್ರ, ಕೆಳಗೆ ಉದ್ದ ಕಾಲು, ಕಾಲಿನ ತುದಿಗೆ ಹಿತ್ತಾಳೆಯ ಪಂಖ. ರೊಟ್ಟಿ ಕೈಯಲ್ಲೇ ಉಳಿಯಿತು.

“ರುಕ್ಮೀ, ಬಾ ಇಲ್ಲಿ. ಇದು ನೋಡು. ದೋಣಿ ಹಿಂದ ಸಿಗಸೋ ಮೋಟಾರು!”

ಪೀರಸಾಬ ಬೀಡಿ ಸೇದುತ್ತ ಅಲ್ಲೇ ಕೂತಿದ್ದ. “ಅದು ಸತ್ತು ಹೋಗೇತಿ ಬಿಡಪ್ಪಾ. ಲಡಾಯಿ ಮೊದಲ ಬಂದಿತ್ತು. ಹೊಸದಿದ್ದಾಗ ಕುದುರಿ ಓಡಿದಂಗ ಓಡ್ತಿತ್ತು. ಆಮ್ಯಾಲ ಪೆಟ್ರೋಲಿನ್ಯಾಗ ಕಲಸೂ ಮೋಟಾರಿನ ಎಣ್ಣಿ ಸಿಗವಲ್ದಾತು. ಆಗಿದ್ದ ಸಾಹೇಬ ಅಂದ, ಎಣ್ಣಿ ಅಂದ್ರ ಎಣ್ಣಿ, ಗಾಣದಿಂದ ಕುಸುಬಿ ಎಣ್ಣಿ ತಂದು ಪೆಟ್ರೋಲಿನ್ಯಾಗ ಕಲಸು ಅಂತ. ಕಲಸಿದೆ. ಒಂದಿಷ್ಟು ದಿನ ಹೊಗಿ ಬಿಟ್ಕೋತ ಓಡ್ತು. ಬಜಿ ಕರದಂಗ ವಾಸನಿ. ಒಂದಿನ ನಿಂತs ಬಿಟ್ತು.”

ಪರಸಪ್ಪ ಜೋರಾಗಿ ನಕ್ಕ. “ಕುಸುಬಿ ಎಣ್ಣಿ! ಹಂಗಾದ್ರ ಸತ್ತಿಲ್ಲೋ ಮಾರಾಯ. ಉಸಿರು ಕಟ್ಟೇತಿ ಅಷ್ಟ. ಒಳಗ ಹೊತ್ತಿದ ಎಣ್ಣಿ ಕರಿ ಕೂತೈತಿ.”

ಅವನು ಅಲ್ಲಿಂದ ನೇರ ಹಣಮಂತರಾಯರ ಎದುರು ಹೋಗಿ ನಿಂತು ಸಲಾಮು ಹೊಡೆದ. “ಸಾಹೇಬ್ರ, ಆ ಮೋಟಾರು ನನ್ನ ಕೈಯಾಗ ಕೊಡ್ರಿ. ಅದರೊಳಗಿನ ಕರಿ ತಗದು ಓಡಸ್ತೇನಿ. ನಾಳಿಗೆ ಗೋಪುರಕ್ಕ ಹೋಗೂಣ.”

ಹಣಮಂತರಾಯರು ಅವನ ಚಡ್ಡಿ ನೋಡಿದರು, ಮೀಸೆ ನೋಡಿದರು. “ಬಿಚ್ಚಿದ್ದನ್ನ ಮತ್ತ ಕೂಡಸಾಕ ಬರತೈತೇನು?”

“ಬರ್ಮಾದಾಗ ಮಳಿಯೊಳಗ, ಗುಂಡಿನ ಸಪ್ಪಳದಾಗ ಕೂಡಸೇನ್ರಿ. ಇಲ್ಲಿ ಬರೇ ಗಾಳಿ ಐತಿ.”

ಆ ಓವರ್ಸಿಯರರು ಪುಕ್ಕಲು ಸ್ವಭಾವದವರು, ಆದರೆ ಹಟಮಾರಿಯಲ್ಲ. ಊರಿನಿಂದ ದಿನಾ ಬೈಗುಳ ಕೇಳಿ ಸಾಕಾಗಿತ್ತು. “ಮಾಡು” ಎಂದರು. ತಿರುಪು ಬಿಚ್ಚುವ ಪಾನಾ, ಸೀಮೆಎಣ್ಣೆ ಕೊಡಿಸಿದರು. ಮೋಟಾರು ಬಸ್ಸಿನ ಗ್ಯಾರೇಜಿನಿಂದ ರೇಶನ್ನಿನ ಪೆಟ್ರೋಲು, ಒಂದು ಸೀಸೆ ಒಳ್ಳೆಯ ಎಣ್ಣೆ ತರಲು ಟಾಂಗಾ ಓಡಿಸಿದರು.

ಕಾವಲು ಮನೆಯ ಮುಂದೆ ಚೀಲ ಹಾಸಿ ಪರಸಪ್ಪ ಮೋಟಾರು ಬಿಚ್ಚಿದ. ಬಿಚ್ಚಿದ ಮೊಳೆ, ತಿರುಪುಗಳನ್ನು ರುಕ್ಮವ್ವ ಬಿಚ್ಚಿದ ಸಾಲಿನಲ್ಲೇ ಸೆರಗಿನ ಮೇಲೆ ಇಡುತ್ತ ಹೋದಳು. ಸಿಲಿಂಡರನ್ನು ಎಳೆದು ತೆಗೆದಾಗ ಪೀರಸಾಬನೂ ಸೇರಿ ಮೂವರೂ ಬಗ್ಗಿ ನೋಡಿದರು. ಪಿಸ್ಟನ್ನಿನ ನೆತ್ತಿಯ ಮೇಲೆ ಸಜ್ಜೆ ರೊಟ್ಟಿಯಷ್ಟು ದಪ್ಪಗೆ ಕರಿ ಕೂತು ಕಲ್ಲಾಗಿತ್ತು. ಸುಟ್ಟ ಹೊಗೆ ಹೊರಗೆ ಹೋಗುವ ಕಿಂಡಿಗಳಲ್ಲಿ ಸೂಜಿ ತೂರುವಷ್ಟು ಸಂದು ಮಾತ್ರ ಉಳಿದಿತ್ತು. ಪಿಸ್ಟನ್ನಿನ ಸುತ್ತಲಿನ ಎರಡೂ ರಿಂಗುಗಳು ಅಂಟು ಹಿಡಿದು ತಮ್ಮ ಗೆರೆಯಲ್ಲಿ ಹೂತುಹೋಗಿದ್ದವು.

“ಪಲ್ಟನ್ನಿನ್ಯಾಗ ಒಂದು ಔಷಧ ಇರ್ತಿತ್ತು,” ಎಂದ ಪರಸಪ್ಪ. “ಡಬ್ಬಿಯೊಳಗ ಮುಳಗಿಸಿ ಇಟ್ರ ಕರಿ ತಾನs ಕರಗ್ತಿತ್ತು. ಇಲ್ಲಿ ಎಲ್ಲಿಂದ ತರೂದು? ಕೆರದs ತಗೀಬೇಕು.” ತಿರುಪುಳಿ ತೆಗೆದುಕೊಂಡು ಸಿಲಿಂಡರಿನ ಒಳಗೆ ಕೆರೆಯತೊಡಗಿದ. ಕರ್ರ್ ಎಂದು ಸದ್ದಾಯಿತು. ಕರಿ ಒಂದು ಚೂರು ಎದ್ದಿತು, ಅದರ ಪಕ್ಕಕ್ಕೇ ಕಬ್ಬಿಣದ ಮೇಲೆ ಬೆಳ್ಳನೆಯ ಗೀರು ಬಿತ್ತು.

ರುಕ್ಮವ್ವ ಅವನ ಕೈ ಹಿಡಿದಳು. “ಬಿಡ್ರಿ. ಹಿಂಗ ಕೆರದ್ರ ಅದರ ಚರ್ಮಾ ಸುಲೀತೀರಿ.” ಒಳಗೆ ಬೆರಳಾಡಿಸಿ ಮೂಸಿದಳು. “ಇದು ನಮ್ಮ ಕಬ್ಬಿಣದ ಬಾಣಲಿಗಿ ಹಿಡಿಯೂದs ಐತಿ. ಕುಸುಬಿ ಎಣ್ಣಿ ಹೊತ್ತಿದ್ದು. ಕಬ್ಬಿಣ ಏನು ಇದು?”

“ಸಿಲಿಂಡರು ಕಬ್ಬಿಣ.”

“ಹಂಗಾದ್ರ ಸವಳಿನ ನೀರಾಗ ಕುದಸೂಣ. ನಾ ಬಾಣಲಿ ಹಂಗs ಬೆಳಗೂದು.”

ಪರಸಪ್ಪ ಅವಳ ಮುಖ ನೋಡಿದ. ಖುಷಿಗೆ ತೊಡೆ ತಟ್ಟಿಕೊಂಡ. “ಕುದಸು! ಆದ್ರ ಪಿಸ್ಟನ್ ಅದರಾಗ ಹಾಕಬ್ಯಾಡ. ಇದು ಅಲುಮಿನಿ. ಸವಳು ಇದನ್ನ ತಿಂದು ಹುಣ್ಣು ಮಾಡತೈತಿ.”

ಕೆರೆಯ ಆಚೆ ಬದಿಯ ಬಿಳಿ ಉಪ್ಪು ಮಣ್ಣಿನಿಂದ ರುಕ್ಮವ್ವ ಉಡಿ ತುಂಬ ಸವಳು ತಂದಳು. ಮೂರು ಕಲ್ಲು ಹೂಡಿ, ಪೀರಸಾಬನ ಹಳೆಯ ತಗಡಿನ ಡಬ್ಬಿಯಲ್ಲಿ ನೀರು ಕಾಯಿಸಿ ಸಿಲಿಂಡರನ್ನು ಅದರಲ್ಲಿ ಇಳಿಬಿಟ್ಟಳು. ನೀರು ಕುದಿದಂತೆ ಮೇಲೆ ಕಾಫಿ ಬಣ್ಣದ ನೊರೆ ಎದ್ದಿತು. ಆಮೇಲೆ ಕಪ್ಪು ಚಕ್ಕೆಗಳು ತೇಲತೊಡಗಿದವು. ಕೂಲಿಯವರು ಕೆಲಸ ಬಿಟ್ಟು ಬಂದು ನಿಂತು ನೋಡಿದರು. ಯಾರೋ ಕೇಳಿದರು, “ಏನವಾ, ಸಾರು ಮಾಡಾಕತ್ತೀಯೇನು?”

“ಹೂಂ. ಊರಿಗೆಲ್ಲಾ,” ಎಂದಳು.

ಅತ್ತ ಪರಸಪ್ಪ ಜಾಲಿ ಕಟ್ಟಿಗೆಯನ್ನು ಉಳಿಯಂತೆ ಚೂಪು ಮಾಡಿಕೊಂಡು, ಪಿಸ್ಟನ್ನಿನ ನೆತ್ತಿಗೆ ಸೀಮೆಎಣ್ಣೆ ಹಚ್ಚಿ ಹಚ್ಚಿ ಕರಿ ಎಬ್ಬಿಸುತ್ತಿದ್ದ. ಕಟ್ಟಿಗೆಯಾದ್ದರಿಂದ ಮೆತ್ತನೆಯ ಲೋಹಕ್ಕೆ ಗೀರು ಬೀಳುತ್ತಿರಲಿಲ್ಲ. ಕಷ್ಟವಾದದ್ದು ರಿಂಗುಗಳದು. ಬೀಡು ಕಬ್ಬಿಣದ ರಿಂಗು, ಬಳೆಯಂತೆ ಪಟ್ಟನೆ ಮುರಿಯುವ ಜಾತಿ. ಮುರಿದರೆ ಬೇರೊಂದು ಮುಂಬಯಿಯಿಂದ ಬರಬೇಕು. ಅವನ ದಪ್ಪ ಬೆರಳುಗಳು ಮುಟ್ಟಲೇ ಅಂಜಿದವು. ರುಕ್ಮವ್ವ ಪಿಸ್ಟನ್ನನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು. ಜಾಲಿಯ ಉದ್ದನೆಯ ಬಿಳಿ ಮುಳ್ಳೊಂದನ್ನು ಮುರಿದು ತಂದು, ರಿಂಗಿನ ಸಂದಿಗೆ ಸೀಮೆಎಣ್ಣೆ ಬಿಡುತ್ತ, ಮುಳ್ಳಿನ ಮೊನೆಯಿಂದ ಕರಿಯನ್ನು ಚೂರುಚೂರೇ ಕೆದರಿದಳು. ಕಾಲಿಗೆ ನಟ್ಟ ಮುಳ್ಳು ತೆಗೆಯುವವರ ಹಾಗೆ ತುಟಿ ಕಚ್ಚಿಕೊಂಡಿದ್ದಳು. ಒಂದು ಮುಳ್ಳು ಮೊಂಡಾದರೆ ಇನ್ನೊಂದು. ಬಿಸಿಲು ಇಳಿಯುವ ಹೊತ್ತಿಗೆ ಮೊದಲ ರಿಂಗು ಅವಳ ಬೆರಳಡಿಯಲ್ಲಿ ಸಣ್ಣಗೆ ಅಲುಗಿತು.

“ಜೀವ ಬಂತು ನೋಡ್ರಿ,” ಎಂದಳು ಮೆಲ್ಲಗೆ.

ಮರುದಿನ ಬೆಳಗ್ಗೆ ಎರಡನೆಯದೂ ಬಿಡಿಸಿಕೊಂಡಿತು. ಕುದಿಸಿ ತೊಳೆದ ಸಿಲಿಂಡರಿನ ಒಳಮೈ ಹೊಸ ಬೋಗುಣಿಯಂತೆ ಹೊಳೆಯುತ್ತಿತ್ತು. ತುಕ್ಕು ಹಿಡಿಯಬಾರದೆಂದು ಪರಸಪ್ಪ ಕೂಡಲೇ ಎಣ್ಣೆ ಸವರಿದ. ಜೋಡಿಸುವ ಕಡೆ ನಡುವೆ ಹಾಕುವ ಗ್ಯಾಸ್ಕೆಟ್ಟು ಹರಿದಿತ್ತು. ಹಣಮಂತರಾಯರು ತಮ್ಮ ಕಚೇರಿಯ ಗೋಡೆಯ ಕ್ಯಾಲೆಂಡರಿನ ರಟ್ಟನ್ನೇ ಹರಿದು ಕೊಟ್ಟರು. ಅದನ್ನು ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಕೂಡಿಸಿದರು. ಮೋಟಾರನ್ನು ದೋಣಿಯ ಹಿಂಬದಿಗೆ ಬಿಗಿದು, ಚಕ್ರಕ್ಕೆ ಹಗ್ಗ ಸುತ್ತಿ ಪರಸಪ್ಪ ಎಳೆದ.

ಮೋಟಾರು ಕೆಮ್ಮಿತು. ಸುಮ್ಮನಾಯಿತು. ಮತ್ತೆ ಎಳೆದ. ಮತ್ತೆ ಕೆಮ್ಮು. ಎಳೆದೆಳೆದು ಅಂಗಿ ಬೆನ್ನಿಗೆ ಅಂಟಿತು. ಒಡ್ಡಿನ ಮೇಲೆ ನಿಂತವರಲ್ಲಿ ಕೆಲವರು ನಗತೊಡಗಿದರು. ಪರಸಪ್ಪನ ಮುಖ ಕೆಂಪೇರಿತು. ಎಲ್ಲ ಸರಿಯಿತ್ತು. ಎಲ್ಲಿ ತಪ್ಪಿದೆ ಎಂಬುದು ಅವನಿಗೆ ತಿಳಿಯಲಿಲ್ಲ.

ಪೀರಸಾಬ ಮೊಣಕಾಲೂರಿ ನೀರನ್ನೇ ನೋಡುತ್ತಿದ್ದ. “ಪರಸಪ್ಪಾ, ಹೊಸದಿದ್ದಾಗ ಇಲ್ಲಿ ನೀರಾಗ ಬುಡುಬುಡು ಗುಳ್ಳಿ ಏಳ್ತಿದ್ವು. ಈಗ ಒಂದೂ ಏಳವಲ್ವು.”

ಪರಸಪ್ಪ ಹಣೆ ಚಚ್ಚಿಕೊಂಡ. “ಹೊಗಿ ಕೊಳವಿ! ಕಾಲಿನ ಒಳಗ ಕೆಳತನಾ ಹೋಗೂ ಕೊಳವಿ! ಮ್ಯಾಲಿಂದೆಲ್ಲಾ ತೊಳದು ಗಂಟಲಾ ಬಿಟ್ಟೇವಿ!”

ಮತ್ತೆ ದಂಡೆಗೆ ತಂದರು. ಕತ್ತದ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿ, ಸೀಮೆಎಣ್ಣೆ ಮತ್ತು ಉಸುಕಿನಲ್ಲಿ ಹೊರಳಿಸಿ, ಕೊಳವೆಯಲ್ಲಿ ತೂರಿಸಿ ಗಂಡ ಹೆಂಡತಿ ಎರಡು ಕಡೆ ನಿಂತು ಮಜ್ಜಿಗೆ ಕಡೆದಂತೆ ಎಳೆದಾಡಿದರು. ಕರಿ ಮುದ್ದೆ ಮುದ್ದೆಯಾಗಿ ಉದುರಿ ಅವರ ಕಾಲ ಮೇಲೆ ಬಿತ್ತು. ಕೊನೆಗೆ ಪೀರಸಾಬ ಕೊಳವೆಯ ಒಂದು ತುದಿಗೆ ಬಾಯಿಟ್ಟು ಊದಿದ. ಇನ್ನೊಂದು ತುದಿಯಿಂದ ಗಾಳಿ ಬಂದು ಪರಸಪ್ಪನ ಮೀಸೆ ಹಾರಿತು.

ಈ ಸಲ ಹಗ್ಗ ಎಳೆದ ಕೂಡಲೇ ಮೋಟಾರು ಗುಡುಗಿತು. ನೀಲಿ ಹೊಗೆ ನೀರಿನ ಮೇಲೆ ಹಬ್ಬಿತು, ಗುಳ್ಳೆಗಳು ಉಕ್ಕಿದವು, ಕಟ್ಟಿದ್ದ ದೋಣಿ ಹಗ್ಗ ಜಗ್ಗಿ ಮುಂದೆ ನುಗ್ಗಿತು. ಒಡ್ಡಿನ ಮೇಲಿನವರು ಹೋ ಎಂದು ಕೂಗಿದರು. ಊರಿಗೆ ಸುದ್ದಿ ಮುಟ್ಟಿ ಜನ ಕೊಡ, ಬಿಂದಿಗೆ ಹಿಡಿದುಕೊಂಡೇ ಬಂದರು. ಜನರ ಹಿಂದೆ ಟಾಂಗಾದಲ್ಲಿ ಅರಳೆ ವ್ಯಾಪಾರಿ ಗುರಲಿಂಗಪ್ಪನೂ ಬಂದ. ಊರಿನ ಕಾರಭಾರದಲ್ಲಿ ಅವನ ಮಾತು ನಡೆಯುತ್ತಿತ್ತು.

ಪರಸಪ್ಪ ಕೊಕ್ಕೆ, ಹಗ್ಗ, ಕುಡಗೋಲು ಹಿಡಿದು ದೋಣಿ ಹತ್ತುವಾಗ ಗುರಲಿಂಗಪ್ಪ ಕೈ ಎತ್ತಿದ. “ತಡೀರಿ ರಾಯರ. ಇಂವ ಘೋಣಸಗಿ ಕೇರಿಯಾಂವ ಅಲ್ಲೇನು? ಮೋಟಾರು ರಿಪೇರಿ ಮಾಡ್ಯಾನ, ಛಲೋ ಆತು. ಊರು ಕುಡಿಯೋ ನೀರಾಗ ಇಂವ ಕೈ ಹಾಕೋದು ಬ್ಯಾಡ. ಬ್ಯಾರೆ ಯಾರನ್ನರ ಕಳಸ್ರಿ.”

ಪರಸಪ್ಪ ಮೋಟಾರು ನಿಲ್ಲಿಸಿದ. ಹಣಮಂತರಾಯರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

ಮಾತಾಡಿದವಳು ರುಕ್ಮವ್ವ. ಅವಳ ಕೈ, ಸೀರೆ ಎಲ್ಲ ಕರಿ. “ಇಳೀರಿ ಕೆಳಗ,” ಎಂದಳು ಗಂಡನಿಗೆ. “ಸಾವ್ಕಾರ್ರು ಹತ್ತಲಿ. ಹಗ್ಗಾ ಎಳೀಲಿ. ನಾವು ಇಲ್ಲೇ ನಿಂತು ನೋಡ್ತೇವಿ.”

ಜನರಲ್ಲಿ ನಗು ಎದ್ದಿತು. ಪೀರಸಾಬ ದೋಣಿಯಲ್ಲೇ ಕೂತಿದ್ದವನು, “ಪರಸಪ್ಪ ಇಲ್ದ ನಾ ಹೋಗಂಗಿಲ್ರಿ. ನಡು ಕೆರಿಯೊಳಗ ಇದು ನಿಂತ್ರ ನನಗ ಚಾಲೂ ಮಾಡಾಕ ಬರೂದಿಲ್ಲ,” ಎಂದ. ಆಗ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡಿದ್ದ ಸಕೀನಾ ಎಂಬ ಹೆಂಗಸು ಮುಂದೆ ಬಂದಳು. ಬಾವಿಯ ಹಗ್ಗ ಎಳೆದು ಅವಳ ಅಂಗೈ ಬೊಬ್ಬೆ ಎದ್ದಿತ್ತು. ಅದನ್ನು ಗುರಲಿಂಗಪ್ಪನ ಮುಂದೆ ಬಿಚ್ಚಿ ಹಿಡಿದಳು.

“ಸಾವ್ಕಾರ್ರ, ನಿಮ್ಮ ಮನಿಗಿ ಆಳು ನೀರು ಹೊರ್ತಾರ. ನಮ್ಮ ಮನಿಗಿ ಈ ಕೈ ಹೊರ್ತಾವ. ಅವನ ಕೈ ಬ್ಯಾಡಂದ್ರ ನಿಮ್ಮ ಕೈ ಕೊಡ್ರಿ.”

ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಹಣಮಂತರಾಯರು ಒಮ್ಮೆ ಆ ಕೊಡಗಳ ಸಾಲು ನೋಡಿದರು. ಜನ್ಮದಲ್ಲಿ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

“ಕೆರಿ ಕಾರಭಾರ ನಂದು. ಪರಸಪ್ಪಾ, ಹೋಗು.”

ರುಕ್ಮವ್ವ ಬಿಡಲಿಲ್ಲ. “ಹೋಗ್ತಾರ್ರಿ ಸಾಹೇಬ್ರ. ನೀರು ಬಂದಮ್ಯಾಲ ಇಲ್ಲಿನ ನಳಕ್ಕ ನಾವೂ ಕೊಡಾ ಹಚ್ಚಾವ್ರು. ಈಗs ಎಲ್ಲಾರ ಮುಂದ ಹೇಳ್ರಿ.”

“ಹಚ್ಚವಾ. ಯಾರು ಬ್ಯಾಡಂತಾರ ನಾ ನೋಡ್ತೇನಿ.”

ದೋಣಿ ಹೊರಟಿತು. ಒಡ್ಡಿನ ಮರೆ ದಾಟಿದ ಕೂಡಲೇ ಗಾಳಿ ಎದೆಗೆ ಗುದ್ದಿತು. ತೆರೆ ಮೂತಿಗೆ ಬಡಿದು ಇಬ್ಬರ ಮೈಮೇಲೂ ನೀರು ಸುರಿಯಿತು. ಆದರೆ ಹಿಂದಕ್ಕೆ ತಳ್ಳುತ್ತಿದ್ದ ಗಾಳಿಯನ್ನು ಮೋಟಾರು ತಲೆ ಬಗ್ಗಿಸಿ ನುಗ್ಗುವ ಹೋರಿಯಂತೆ ಸೀಳಿಕೊಂಡು ನಡೆಯಿತು. ಪೀರಸಾಬ ಮೂತಿಯಲ್ಲಿ ಕೂತು, “ಎಡಕ್ಕ! ಬಲಕ್ಕ! ಸೀದಾ!” ಎಂದು ಕಿರುಚುತ್ತಿದ್ದ. ಗೋಪುರ ಹತ್ತಿರವಾಯಿತು. ಇನ್ನೇನು ಕೊಕ್ಕೆ ಎಸೆಯಬೇಕು, ದೊಡ್ಡ ತೆರೆಯೊಂದು ಮೋಟಾರಿನ ತಲೆಯ ಮೇಲೇ ಬಿದ್ದಿತು. ಸದ್ದು ನಿಂತುಹೋಯಿತು. ದೋಣಿ ಅಡ್ಡಡ್ಡ ತಿರುಗಿ ಹಿಂದಕ್ಕೆ ತೇಲಿತು.

ಪರಸಪ್ಪ ಗಡಿಬಿಡಿ ಮಾಡಲಿಲ್ಲ. ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ, ಅಂಗಿಯ ಒಳಗೆ ಹೊಟ್ಟೆಗೆ ಸುತ್ತಿಕೊಂಡಿದ್ದ ಒಣ ಅರಿವೆಯಿಂದ ಒರೆಸಿ ಮತ್ತೆ ಬಿಗಿದ. ಹಗ್ಗ ಸುತ್ತಿದ. ಎಳೆದ. ಒಳಗೆ ಕರಿಯಿಲ್ಲದ, ರಿಂಗುಗಳು ಸಡಿಲಾದ ಆ ಮೋಟಾರು ಒಂದೇ ಎಳೆತಕ್ಕೆ ಗಂಟಲು ಬಿಚ್ಚಿತು. ದೂರದಿಂದ ಕೇಕೆ ಕೇಳಿಸಿತು.

ಗೋಪುರದ ಬಳಿ ಪೀರಸಾಬ ಕುಡಗೋಲಿನಿಂದ ಚಾಪೆಯ ಅಂಚು ಕತ್ತರಿಸಿದ. ಪರಸಪ್ಪ ಸೊಂಟದವರೆಗೆ ಬಗ್ಗಿ, ಎರಡೂ ತೋಳು ನೀರಿನಲ್ಲಿ ಮುಳುಗಿಸಿ, ಜಾಲರಿಗೆ ಹೆಣೆದುಕೊಂಡ ಮುಳ್ಳಿನ ನಡುವೆ ಕೊಕ್ಕೆ ಸಿಕ್ಕಿಸಿದ. ಕೈ ಗೀರಿ ರಕ್ತ ಬಂತು. ಹಗ್ಗವನ್ನು ದೋಣಿಗೆ ಕಟ್ಟಿ, ಮೋಟಾರಿನ ಪೂರ್ತಿ ಜೋರು ಬಿಟ್ಟ. ಹಗ್ಗ ತಂತಿಯಂತೆ ಬಿಗಿಯಿತು. ದೋಣಿ ನಡುಗಿತು, ನಿಂತಲ್ಲೇ ನೀರು ಕಡೆಯಿತು. ಆಮೇಲೆ ಬಟ್ಟೆ ಹರಿದಂಥ ಸದ್ದಾಗಿ ಇಡೀ ಚಾಪೆ ಜಾಲರಿಯಿಂದ ಕಿತ್ತು ಬಂತು. ಗೋಪುರದೊಳಗೆ ನೀರು ಗಳಗಳ ಎಂದು ಧುಮುಕುವುದು ಇಬ್ಬರಿಗೂ ಕೇಳಿಸಿತು.

“ಕುಡೀತು ನೋಡೋ! ಗಟಗಟ ಕುಡೀತು!” ಎಂದು ಪೀರಸಾಬ ಅವನನ್ನು ತಬ್ಬಿಕೊಂಡ. ದೋಣಿ ಮಗುಚುವುದೊಂದು ಉಳಿದಿತ್ತು.

ಅವರು ನೇರ ದಂಡೆಗೆ ಬರಲಿಲ್ಲ. ಜೊಂಡಿನ ಗುಡ್ಡೆಯನ್ನು ಹಿಂದೆ ಕಟ್ಟಿಕೊಂಡು, ಚುಕ್ಕಾಣಿ ಪೀರಸಾಬನ ಕೈಗೆ ಕೊಟ್ಟು, ಒಡ್ಡಿನ ಉದ್ದಕ್ಕೂ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ಹಾಕಿದರು. ಪರಸಪ್ಪ ಎದ್ದು ನಿಂತಿದ್ದ. ಜನ ದಂಡೆಯ ಮೇಲೆ ದೋಣಿಯ ಜೊತೆಗೇ ಓಡಿದರು. ಹಣಮಂತರಾಯರು, “ಪೆಟ್ರೋಲು! ರೇಶನ್ ಪೆಟ್ರೋಲೋ!” ಎಂದು ಕೂಗುತ್ತ ಓಡಿದರು, ಮುಖದ ತುಂಬ ನಗು.

ಕಾವಲು ಮನೆಯ ಪಕ್ಕದ ನಳ ಮೊದಲು ಬುಸುಗುಟ್ಟಿತು. ಕೆಂಪು ನೀರು ಕಾರಿತು. ಆಮೇಲೆ ತಿಳಿಯಾಯಿತು. ಯಾರೂ ಮುಂದೆ ಬರಲಿಲ್ಲ. ರುಕ್ಮವ್ವ ಕೊಡ ಹಿಡಿದು ನಡೆದಳು. ನಳದ ಕೆಳಗೆ ಇಟ್ಟಳು, ತುಂಬುವ ತನಕ ಆಚೀಚೆ ನೋಡದೆ ನಿಂತಳು. ತುಂಬಿದ ಮೇಲೆ ಬೊಗಸೆಯಲ್ಲಿ ಹಿಡಿದು ಕುಡಿದಳು. ಗುರಲಿಂಗಪ್ಪ ಟಾಂಗಾ ಹತ್ತಿ “ನಡಿ” ಎಂದ. ಟಾಂಗಾದವನು ಲಗಾಮು ಬಿಟ್ಟು ಕೆಳಗಿಳಿದು ಬಂದು ಅವಳ ಮುಂದೆ ಬೊಗಸೆ ಒಡ್ಡಿದ.

“ಬಾಳ ನೀರಡಿಕಿ ಆಗೇತಿ ಅಕ್ಕಾ. ಹಾಕು.”

ಅವಳು ಕೊಡ ಬಗ್ಗಿಸಿ ಹಾಕಿದಳು. ಅವನ ಹಿಂದೆ ಸಕೀನಾ ಕೊಡ ಇಟ್ಟಳು. ಅವಳ ಹಿಂದೆ ಇತರರು. ಕೆಲವರು ನಳಕ್ಕೆ ನೀರು ಚಿಮುಕಿಸಿ ತೊಳೆದೇ ತುಂಬಿಕೊಂಡರು, ಅದೂ ನಿಜ. ರುಕ್ಮವ್ವ ಅದನ್ನು ಕಂಡಳು. ಮರುದಿನವೂ ಬಂದು ತುಂಬಿದಳು, ಅದರ ಮರುದಿನವೂ. ತೊಳೆಯುವವರಿಗೇ ಬೇಸರ ಬಂತು.

ಹಣಮಂತರಾಯರು ಪರಸಪ್ಪನನ್ನು ಕೆರೆಯ ಮೋಟಾರಿಗೆ ನೇಮಿಸಿಕೊಂಡರು. ಸುದ್ದಿ ಊರೂರಿಗೆ ಹೋಯಿತು. ಲಡಾಯಿಯ ಕಾಲದಲ್ಲಿ ಸಿಕ್ಕ ಎಣ್ಣೆ ಕುಡಿದು ಉಸಿರು ಕಟ್ಟಿಕೊಂಡಿದ್ದ ಎಂಜಿನ್ನುಗಳು ಸೀಮೆಯ ತುಂಬ ಬೇಕಾದಷ್ಟಿದ್ದವು. ಮೊದಲು ತಿಕೋಟದಿಂದ ಕರೆ ಬಂತು, ಆಮೇಲೆ ಬಬಲೇಶ್ವರದ ಹಿಟ್ಟಿನ ಗಿರಣಿಯವರಿಂದ. ಗಂಡ ಹೆಂಡತಿ ಇಬ್ಬರೂ ಸಾಮಾನಿನ ಪೆಟ್ಟಿಗೆ ನಡುವೆ ಇಟ್ಟುಕೊಂಡು ಮೋಟಾರು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹೋದರು.

ಗಿರಣಿಯ ಯಜಮಾನ ಅಮರಪ್ಪ ಪರಸಪ್ಪನನ್ನು ಕೇಳಿದ, “ಮಿಸ್ತ್ರಿ ನೀವೇನ್ರಿ?”

“ನಾನೊಬ್ಬ. ರಿಂಗಿನ ಮಿಸ್ತ್ರಿ ಆಕಿ,” ಎಂದ ಪರಸಪ್ಪ.

ಅಮರಪ್ಪ ರುಕ್ಮವ್ವನ ಕಡೆ ನೋಡಿದ. ಆಮೇಲೆ ಪಕ್ಕಕ್ಕೆ ಸರಿದು ಗಿರಣಿಯ ಬಾಗಿಲು ತೆರೆದು ಹಿಡಿದ. ಇಬ್ಬರೂ ಒಳಗೆ ಹೋದರು. ಸಂಜೆಯ ಹೊತ್ತಿಗೆ ಗಿರಣಿಯ ಕೊಳವೆಯಿಂದ ಕುಕ್ ಕುಕ್ ಕುಕ್ ಎಂಬ ಸದ್ದು ಬಬಲೇಶ್ವರದ ಓಣಿಗಳಲ್ಲೆಲ್ಲ ಹರಡಿತು. ಬೀಸುಕಲ್ಲಿನ ಮುಂದೆ ಕೂತಿದ್ದ ಹೆಂಗಸರು ಕಿವಿಗೊಟ್ಟು ಕೇಳಿ, ಕೈ ಜಾಡಿಸಿ ಎದ್ದು, ಜೋಳದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಆ ಸದ್ದಿನ ಕಡೆ ಹೊರಟರು.